ಹೊಲವನ್ನು ಕೊಂಡ ಪಟ್ಟಣ

ಊರು ಬೆಳೆಯುವ ಬಗೆಯನ್ನು ಕಣ್ಣಾರೆ ನೋಡದವರು ನಮ್ಮಲ್ಲಿ ವಿರಳ. ಮೊದಲು ಊರ ಹೊರಗೆ ಒಂದು ಹೊಲವಿರುತ್ತದೆ. ಒಂದು ದಿನ ಅದರ ಬದುವಿನ ಮೇಲೆ ಅಳತೆಯ ಸರಪಣಿ ಹಾಯುತ್ತದೆ, ಕಲ್ಲು ನೆಡುತ್ತಾರೆ, ಒಂದು ಮನೆ ಏಳುತ್ತದೆ, ಅದರ ಬೆನ್ನಿಗೇ ಹತ್ತು ಮನೆಗಳು ಏಳುತ್ತವೆ. ಬೀದಿ ಬರುತ್ತದೆ, ದೀಪ ಬರುತ್ತದೆ, ಅಂಗಡಿ ಬರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಅಲ್ಲಿನ ನಿವಾಸಿಗಳು, ಮಕ್ಕಳಿಗೆ ಆಡಲು ಬಯಲಿಲ್ಲ, ಮುದುಕರಿಗೆ ಕುಳಿತುಕೊಳ್ಳಲು ನೆರಳಿಲ್ಲ ಎಂದು ಪುರಸಭೆಗೆ ಅರ್ಜಿ ಬರೆಯುತ್ತಾರೆ. ಅಷ್ಟು ಹೊತ್ತಿಗೆ ಅಂಗೈಯಗಲ ನೆಲಕ್ಕೂ ಬಂಗಾರದ ಬೆಲೆ ಬಂದಿರುತ್ತದೆ. ಅರ್ಜಿಯು ಕಡತವನ್ನು ಸೇರುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯು ಇಂಥ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

ಬೆಂಕಿ ಬೀಳುವುದಕ್ಕೆ ಮುನ್ನವೇ ಬಾವಿ ತೋಡಿದ ಒಂದು ಊರಿನ ಕಥೆಯನ್ನು ಈ ಹೊತ್ತು ಹೇಳಬೇಕೆಂದಿದ್ದೇವೆ. ಆ ಊರಿನ ಹೆಸರು ಬರ್ಕನ್‌ಹೆಡ್. ಅದು ಲಂಡನ್ನಿನಂತೆ ರಾಜಧಾನಿಯಲ್ಲ, ಆಕ್ಸ್‌ಫರ್ಡಿನಂತೆ ವಿದ್ಯಾಸ್ಥಾನವೂ ಅಲ್ಲ. ಇತಿಹಾಸವನ್ನು ಬೋಧಿಸುವ ನಾವು ಯುದ್ಧಗಳನ್ನೂ ಕೌಲುಗಳನ್ನೂ ಮಂತ್ರಿಮಂಡಲಗಳನ್ನೂ ಕುರಿತು ಎಷ್ಟೋ ಹೇಳುವೆವಾದರೂ, ಈ ಊರಿನ ಹೆಸರನ್ನು ಎತ್ತುವುದು ಅಪರೂಪ. ಆದರೂ 1843ರಲ್ಲಿ ಈ ಸಣ್ಣ ಊರು ಸಾಲ ಮಾಡಿ, ಊರಂಚಿನ ಹೊಲಗದ್ದೆಗಳನ್ನು ಕೊಂಡು, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವನ್ನು ಎಲ್ಲರ ವಿಹಾರಕ್ಕೆಂದು ಮೀಸಲಿಟ್ಟಿತು. ಒಂದು ಊರು ಸಾರ್ವಜನಿಕ ಹಣದಿಂದ ತನ್ನ ಜನರಿಗಾಗಿ ನಿರ್ಮಿಸಿಕೊಂಡ ಮೊದಲನೆಯ ಉದ್ಯಾನವಿದೆಂದು ಬಲ್ಲವರನೇಕರು ಎಣಿಸುತ್ತಾರೆ. ಇದು ಹೇಗೆ ಸಾಧ್ಯವಾಯಿತು, ಇದರಲ್ಲಿ ಎಷ್ಟು ಔದಾರ್ಯ, ಎಷ್ಟು ಲೆಕ್ಕಾಚಾರ ಎಂಬುದನ್ನು ವಿಚಾರಿಸಿದರೆ ನಮಗೂ ಒಂದಿಷ್ಟು ತಿಳಿವಳಿಕೆ ದೊರೆಯುವುದು.

ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಮರ್ಸಿ ಎಂಬ ನದಿಯು ಸಮುದ್ರವನ್ನು ಸೇರುತ್ತದೆ. ಅದರ ಪೂರ್ವದ ದಡದಲ್ಲಿ ಲಿವರ್‌ಪೂಲ್ ಮಹಾನಗರ. ಎದುರಿನ ದಡದಲ್ಲಿ ಬರ್ಕನ್‌ಹೆಡ್. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಕ್ರೈಸ್ತ ಸಂನ್ಯಾಸಿಗಳ ಒಂದು ಮಠವಿದ್ದಿತು. ಆ ಮಠದವರೇ ದಾರಿಹೋಕರನ್ನು ದೋಣಿಯಲ್ಲಿ ದಾಟಿಸುತ್ತಿದ್ದರು. 1801ರ ಜನಗಣತಿಯಲ್ಲಿ ಅಲ್ಲಿ ಇದ್ದವರು ಕೇವಲ 110 ಮಂದಿ. ನಮ್ಮ ಕಡೆಯ ಒಂದು ಸಣ್ಣ ಹಟ್ಟಿಗೆ ಇದನ್ನು ಹೋಲಿಸಬಹುದು. 1817ರಲ್ಲಿ ನದಿಯ ಮೇಲೆ ಉಗಿಯ ದೋಣಿಗಳ ಸಂಚಾರ ಮೊದಲಾಯಿತು. ಗಾಳಿಯನ್ನೂ ಉಬ್ಬರವಿಳಿತವನ್ನೂ ಕಾದು ಕುಳಿತಿರಬೇಕಾಗಿದ್ದ ಪ್ರಯಾಣವು ನಿಮಿಷಗಳ ಮಾತಾಯಿತು. ಲಿವರ್‌ಪೂಲಿನ ಹೊಗೆಯಿಂದ ಬೇಸತ್ತ ಶ್ರೀಮಂತ ವರ್ತಕರು ಈಚೆಯ ದಡದಲ್ಲಿ ಮನೆ ಕಟ್ಟತೊಡಗಿದರು. ವಿಲಿಯಂ ಲೇರ್ಡ್ ಎಂಬ ಸ್ಕಾಟ್ಲೆಂಡಿನ ಉದ್ಯಮಿಯು 1824ರಲ್ಲಿ ಅಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಸ್ಥಾಪಿಸಿದನು. ಸ್ವಲ್ಪ ಕಾಲದಲ್ಲಿಯೇ ಅದು ಕಬ್ಬಿಣದ ಹಡಗುಗಳನ್ನು ಕಟ್ಟುವ ಕಾರ್ಖಾನೆಯಾಯಿತು. 1841ರ ಹೊತ್ತಿಗೆ ಜನಸಂಖ್ಯೆ ಸುಮಾರು 8,000ಕ್ಕೆ ಏರಿದ್ದಿತು. 1851ರಲ್ಲಿ ಅದು ಸುಮಾರು 24,000 ಆಯಿತು. ಐವತ್ತು ವರ್ಷಗಳಲ್ಲಿ ಊರು ಇನ್ನೂರು ಮಡಿಗಿಂತಲೂ ಹೆಚ್ಚಾಗಿ ಬೆಳೆಯಿತೆಂದರೆ ಅಲ್ಲಿದ್ದವರ ಕಣ್ಣಿಗೆ ಅದು ಹೇಗೆ ತೋರಿದ್ದೀತೆಂಬುದನ್ನು ತಾವೇ ಊಹಿಸಿಕೊಳ್ಳಬಹುದು.

ಆ ಕಾಲದ ಇಂಗ್ಲೆಂಡಿನ ಸ್ಥಿತಿಯನ್ನೂ ಇಲ್ಲಿ ಸ್ವಲ್ಪ ನೆನೆಯಬೇಕು. ಗಿರಣಿಗಳ ಯುಗವದು. ಹಳ್ಳಿಗಳನ್ನು ಬಿಟ್ಟ ಜನ ಮ್ಯಾಂಚೆಸ್ಟರ್, ಲೀಡ್ಸ್, ಲಿವರ್‌ಪೂಲ್ ಮೊದಲಾದ ನಗರಗಳ ಇಕ್ಕಟ್ಟಾದ ಕೇರಿಗಳಲ್ಲಿ ಬಂದು ತುಂಬಿಕೊಂಡರು. ಹಿಂದೆ ಎಲ್ಲರೂ ದನ ಮೇಯಿಸುತ್ತಿದ್ದ, ಹಬ್ಬದ ದಿನ ಆಡುತ್ತಿದ್ದ ಊರೊಟ್ಟಿನ ಬಯಲುಗಳು ಒಂದೊಂದಾಗಿ ಬೇಲಿಯೊಳಕ್ಕೆ ಹೋಗಿ ಖಾಸಗಿ ಸ್ವತ್ತಾಗಿದ್ದವು. ದಿನವೆಲ್ಲ ದುಡಿದವನಿಗೆ ಭಾನುವಾರ ಕಾಲಾಡಿಸಲು ಹೆಂಡದಂಗಡಿಯ ಹೊರತು ಬೇರೆ ಸ್ಥಳವಿರಲಿಲ್ಲ. 1833ರಲ್ಲಿ ಪಾರ್ಲಿಮೆಂಟು ಈ ವಿಷಯವನ್ನು ವಿಚಾರಿಸಲು ರಾಬರ್ಟ್ ಸ್ಲೇನಿಯ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ದೊಡ್ಡ ಊರುಗಳ ಸುತ್ತ ಬೆಲೆಯು ಏರುತ್ತ, ಕಟ್ಟಡಗಳು ಹಬ್ಬುತ್ತ ಹೋಗುತ್ತಿದ್ದರೂ ಜನರ ವಿಹಾರಕ್ಕಾಗಿ ಯಾರೂ ನೆಲವನ್ನು ಉಳಿಸಿಲ್ಲವೆಂಬುದೇ ಆ ಸಮಿತಿಯ ವರದಿಯ ಸಾರಾಂಶ.

ಹಾಗಾದರೆ ಉದ್ಯಾನಗಳೇ ಇರಲಿಲ್ಲವೆ? ಇದ್ದುವು, ಆದರೆ ಅವು ಮೂರು ಬಗೆಯವು. ಮೊದಲನೆಯದು ಅರಸರ ಉದ್ಯಾನ. ಲಂಡನ್ನಿನ ಹೈಡ್ ಪಾರ್ಕು, ರೀಜೆಂಟ್ಸ್ ಪಾರ್ಕುಗಳು ಅರಸರ ಸ್ವತ್ತು. ಪ್ರಜೆಗಳು ಅಲ್ಲಿ ನಡೆದಾಡುತ್ತಿದ್ದುದು ಅರಸರ ಅನುಗ್ರಹದಿಂದ. ಎರಡನೆಯದು ದಾನಿಯ ಉದ್ಯಾನ. 1840ರಲ್ಲಿ ಜೋಸೆಫ್ ಸ್ಟ್ರಟ್ ಎಂಬ ಗಿರಣಿಯ ಮಾಲಿಕನು ಡಾರ್ಬಿ ನಗರಕ್ಕೆ 11 ಎಕರೆಗಳ ಒಂದು ಸಸ್ಯೋದ್ಯಾನವನ್ನು ಕೊಟ್ಟನು. ಅದು ದೊಡ್ಡ ದಾನವೇ ಸರಿ. ಆದರೂ ವಾರದಲ್ಲಿ ಎರಡು ದಿನಗಳ ಹೊರತು ಒಳಕ್ಕೆ ಹೋಗಲು ಹಣ ತೆರಬೇಕಾಗಿದ್ದಿತು. ಮೂರನೆಯದು ಸುತ್ತಣ ಮನೆಗಳವರಿಗೇ ಮೀಸಲಾದ ಖಾಸಗಿ ಉದ್ಯಾನ. ಈ ಮೂರರಲ್ಲಿಯೂ ಸಾಮಾನ್ಯನು ಅತಿಥಿಯೇ ಹೊರತು ಒಡೆಯನಲ್ಲ. ಕೊಟ್ಟವರು ಬಾಗಿಲು ಮುಚ್ಚಿದರೆ ಕೇಳುವ ಹಕ್ಕು ಅವನಿಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ಬರ್ಕನ್‌ಹೆಡ್ಡಿನವರ ಕೆಲಸವನ್ನು ನೋಡಬೇಕು. ಆ ಊರಿಗೆ 1833ರಲ್ಲಿ ಒಂದು ಶಾಸನದ ಮೂಲಕ ಕಮಿಷನರುಗಳ ಒಂದು ಮಂಡಲಿ ಏರ್ಪಟ್ಟಿದ್ದಿತು. ಬೀದಿಗೆ ಕಲ್ಲು ಹಾಸಿಸುವುದು, ದೀಪ ಹಚ್ಚಿಸುವುದು, ಕಸ ತೆಗೆಸುವುದು, ಕಾವಲಿಡುವುದು, ಸಂತೆ ನಡೆಸುವುದು ಇವು ಅದರ ಕರ್ತವ್ಯಗಳು. 1841ರಲ್ಲಿ ಐಸಾಕ್ ಹೋಮ್ಸ್ ಎಂಬ ಕಮಿಷನರು, ಊರಿಗೆ ಒಂದು ಉದ್ಯಾನವು ಬೇಕೆಂಬ ಸೂಚನೆಯನ್ನು ಮುಂದಿಟ್ಟನು. ಆಗ ಬರ್ಕನ್‌ಹೆಡ್ಡಿನ ಸುತ್ತ ಬಯಲಿಗೇನೂ ಕೊರತೆಯಿರಲಿಲ್ಲವೆಂಬುದನ್ನು ನಾವು ಮರೆಯಬಾರದು. ಹತ್ತು ನಿಮಿಷ ನಡೆದರೆ ಹೊಲ, ಹುಲ್ಲುಗಾವಲು, ಜೌಗು ನೆಲ. ಸುತ್ತಲೂ ಹಸುರೇ ಇರುವಾಗ ಹಣ ಕೊಟ್ಟು ಹಸುರನ್ನು ಕೊಳ್ಳುವುದೇಕೆ ಎಂಬ ಪ್ರಶ್ನೆಯು ಯಾರಿಗಾದರೂ ಹುಟ್ಟುವಂಥದೇ. ನದಿಯಾಚೆಯ ಲಿವರ್‌ಪೂಲೇ ಅದಕ್ಕೆ ಉತ್ತರವಾಗಿದ್ದಿತು. ತಮ್ಮ ಊರು ಯಾವ ದಾರಿ ಹಿಡಿದಿದೆಯೆಂಬುದನ್ನು ಅವರು ದಿನವೂ ಎದುರು ದಡದಲ್ಲಿಯೇ ನೋಡುತ್ತಿದ್ದರು.

1843ರಲ್ಲಿ ಪಾರ್ಲಿಮೆಂಟು ಬರ್ಕನ್‌ಹೆಡ್ಡಿಗಾಗಿ ಮತ್ತೊಂದು ಶಾಸನವನ್ನು ಮಾಡಿತು. ಉದ್ಯಾನಕ್ಕಾಗಿ ಸಾಲವೆತ್ತಿ ನೆಲ ಕೊಳ್ಳುವ ಅಧಿಕಾರವು ಅದರಿಂದ ಕಮಿಷನರುಗಳಿಗೆ ದೊರೆಯಿತು. ಸಾಲದ ಮೊತ್ತ 60,000 ಪೌಂಡು. ಕೊಂಡ ನೆಲ 226 ಎಕರೆ. ಈ ಮೊತ್ತವನ್ನು 1841ರ ಜನಸಂಖ್ಯೆಗೆ ಹಂಚಿದರೆ ತಲೆಗೆ ಏಳೂವರೆ ಪೌಂಡು, ಎಂದರೆ 150 ಷಿಲ್ಲಿಂಗು ಬೀಳುತ್ತದೆ. ಅಂದಿನ ಇಂಗ್ಲೆಂಡಿನಲ್ಲಿ ಹೊಲದ ಕೂಲಿಯವನಿಗೆ ವಾರಕ್ಕೆ ದೊರೆಯುತ್ತಿದ್ದುದು ಸುಮಾರು 10 ಷಿಲ್ಲಿಂಗು. ಮಗು ಮುದುಕರೆನ್ನದೆ ಊರಿನ ಪ್ರತಿಯೊಬ್ಬರ ತಲೆಯ ಮೇಲೆಯೂ ಒಬ್ಬ ಕೂಲಿಯವನ ಹದಿನೈದು ವಾರಗಳ ದುಡಿಮೆಯಷ್ಟು ಸಾಲವನ್ನು ಹೊರಿಸಿದಂತಾಯಿತು. ಸಾಲ ಮಾಡಿ ಹೊಲ ಕೊಳ್ಳುವ ರೈತನು ಮುಂದಿನ ಬೆಳೆಯನ್ನು ನೆಚ್ಚಿರುತ್ತಾನೆ. ಇವರು ನೆಚ್ಚಿದುದು ಇನ್ನೂ ಬಂದಿಲ್ಲದ ಜನರನ್ನು.

ಇಷ್ಟು ಧೈರ್ಯ ಅವರಿಗೆಲ್ಲಿಂದ ಬಂದಿತು? ಇದಕ್ಕೆ ಕೇವಲ ಪರೋಪಕಾರಬುದ್ಧಿಯೇ ಕಾರಣವೆಂದು ಹೇಳಿದರೆ ಇತಿಹಾಸಕ್ಕೆ ಅಪಚಾರವಾದೀತು. ಕೊಂಡ 226 ಎಕರೆಗಳಲ್ಲಿ ಉದ್ಯಾನಕ್ಕೆಂದು ಉಳಿದುದು 125 ಎಕರೆ. ಮಿಕ್ಕ ನೂರೊಂದು ಎಕರೆಗಳನ್ನು ಅಂಚಿನುದ್ದಕ್ಕೂ ನಿವೇಶನಗಳನ್ನಾಗಿ ಒಡೆದು ಮಾರಬೇಕೆಂಬುದು ಅವರ ಉಪಾಯ. ಬರಿಯ ಜೌಗು ಹೊಲಕ್ಕೆ ಬೆಲೆ ಕಡಮೆ. ಅದೇ ಹೊಲವು ಉದ್ಯಾನಕ್ಕೆ ಮುಖ ಮಾಡಿ ನಿಂತರೆ ಅದರ ಬೆಲೆ ಬೇರೆ. ಊರೇ ಮುಂಚಿತವಾಗಿ ನೆಲವನ್ನು ಕೊಂಡಿದ್ದರೆ, ಉದ್ಯಾನದಿಂದ ಹುಟ್ಟುವ ಹೆಚ್ಚಿನ ಬೆಲೆಯು ದಳ್ಳಾಳಿಯ ಜೇಬನ್ನು ಸೇರದೆ ಊರ ಬೊಕ್ಕಸವನ್ನೇ ಸೇರುವುದು. ಆ ಹಣದಿಂದ ಸಾಲವು ತೀರುವುದು. ಉದ್ಯಾನವು ಜನರಿಗೆ ಹೆಚ್ಚು ಕಡಮೆ ಬಿಟ್ಟಿಯಾಗಿಯೇ ದೊರೆತಂತಾಗುವುದು. ಹೀಗೆಂಬುದು ಅವರ ಎಣಿಕೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಜಾನ್ ನ್ಯಾಷ್ ಎಂಬ ವಾಸ್ತುಶಿಲ್ಪಿಯು ಅರಸರ ಪರವಾಗಿ ಇಂಥದೇ ಏರ್ಪಾಡನ್ನು ಹಿಂದೆಯೇ ಮಾಡಿದ್ದನು. ಅಲ್ಲಿ ಲಾಭವು ಅರಸರಿಗೆ; ಇಲ್ಲಿ ಊರಿಗೆ.

ಹಡಗು ಕಟ್ಟುವ ಲೇರ್ಡ್ ಮನೆತನದವರು ಊರಿನ ನೆಲವನ್ನು ಕೊಂಡು ಬೀದಿಗಳನ್ನೂ ಚೌಕಗಳನ್ನೂ ಬೆಳೆಸಿದವರೇ. ಅಂಥವರ ಪ್ರಭಾವವಿದ್ದ ಊರಿನಲ್ಲಿ ನೆಲದ ಬೆಲೆ ಏರಿದರೆ ಯಾರಿಗೆ ಅನುಕೂಲವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಾರ್ಥ ಪರಾರ್ಥಗಳು ಒಂದೇ ನೊಗಕ್ಕೆ ಹೂಡಿದ ಎರಡು ಎತ್ತುಗಳಂತೆ ಇಲ್ಲಿ ನಡೆದುವು. ಆದರೆ ನೇಗಿಲು ಅಡ್ಡದಾರಿ ಹಿಡಿಯದಂತೆ ತಡೆದುದು ಶಾಸನದಲ್ಲಿದ್ದ ಒಂದು ನಿಬಂಧನೆ. ಕೊಂಡ ನೆಲದಲ್ಲಿ 70 ಎಕರೆಗೆ ಕಡಮೆಯಿಲ್ಲದಷ್ಟು ಭಾಗವನ್ನು ಊರಿನ ನಿವಾಸಿಗಳ ವಿಹಾರಕ್ಕಾಗಿ ಶುಲ್ಕವಿಲ್ಲದೆ ಬಿಡತಕ್ಕುದೆಂದು ಅದರಲ್ಲಿ ವಿಧಿಸಿದ್ದಿತು. ನಿವೇಶನದ ವ್ಯಾಪಾರದಲ್ಲಿ ನಷ್ಟ ಬಂದರೆ ಉದ್ಯಾನವನ್ನೇ ಕತ್ತರಿಸಿ ಮಾರಿಬಿಡೋಣವೆಂಬ ಆಲೋಚನೆಗೆ ಅದು ಎಲ್ಲೆಯನ್ನು ಕಟ್ಟಿತು. ಈ ಒಂದು ನಿಬಂಧನೆಯನ್ನು ನಾವು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಇದರ ಬೆಲೆ ತಿಳಿಯುವುದು.

ನೆಲವನ್ನು ಕೊಂಡುದಾಯಿತು. ಅದನ್ನು ಉದ್ಯಾನವನ್ನಾಗಿ ಮಾಡುವವರಾರು? ಕಮಿಷನರುಗಳು ಜೋಸೆಫ್ ಪ್ಯಾಕ್ಸ್‌ಟನ್ನನನ್ನು ಕರೆಯಿಸಿದರು. ಬಡ ಬೇಸಾಯಗಾರನ ಮನೆಯಲ್ಲಿ 1803ರಲ್ಲಿ ಹುಟ್ಟಿದ ಪ್ಯಾಕ್ಸ್‌ಟನ್ 23ನೆಯ ವಯಸ್ಸಿನಲ್ಲಿ ಡೆವನ್‌ಷೈರ್ ಡ್ಯೂಕನ ಚ್ಯಾಟ್ಸ್‌ವರ್ತ್ ಅರಮನೆಗೆ ತೋಟದ ಮುಖ್ಯಾಧಿಕಾರಿಯಾದವನು. ಅವನು ಬಂದು ನೋಡಿದಾಗ ಕಂಡುದು ತಗ್ಗಾದ, ನೀರು ನಿಲ್ಲುವ ಜೇಡಿಮಣ್ಣಿನ ಹೊಲಗಳು. ನೆಲವು ಉದ್ಯಾನಕ್ಕೆ ಅಷ್ಟು ಒಳ್ಳೆಯದಲ್ಲ, ಆದರೆ ಇಂಥದನ್ನು ಚೆನ್ನಾಗಿ ಮಾಡಿದರೆ ಕೀರ್ತಿಯೂ ಅಷ್ಟು ಹೆಚ್ಚು ಎಂಬ ಅಭಿಪ್ರಾಯವನ್ನು ಅವನು ಹೆಂಡತಿಗೆ ಬರೆದ ಕಾಗದದಲ್ಲಿ ತಿಳಿಸಿದನು.

ಅವನು ಮಾಡಿದ ಮೊದಲ ಕೆಲಸ ನೀರಿಗೆ ದಾರಿ ತೋರಿಸಿದುದು. ನೆಲದೊಳಗೆ ಕೊಳವೆಗಳನ್ನು ಹೂಳಿಸಿ ಜೌಗನ್ನು ಬಸಿದು, ಆ ನೀರನ್ನು ಎರಡು ಕೊಳಗಳಿಗೆ ಹರಿಯಿಸಿದನು. ಕೊಳಗಳಿಂದ ತೆಗೆದ ಮಣ್ಣನ್ನು ಹೊರಕ್ಕೆ ಸಾಗಿಸದೆ ಅಲ್ಲಲ್ಲಿ ದಿಬ್ಬಗಳನ್ನಾಗಿ ಒಟ್ಟಿಸಿದನು. ಸಪಾಟಾದ ಹೊಲದಲ್ಲಿ ಏರು ತಗ್ಗುಗಳು ಮೂಡಿದುವು. ದಿಬ್ಬದ ಮೇಲಿನ ಮರಗಳು ಆಚೆಯ ನೋಟವನ್ನು ಮರೆಮಾಡಿದುವು. ಡೊಂಕುದಾರಿಯಲ್ಲಿ ನಡೆಯುವವನಿಗೆ ತಿರುವಿಗೊಂದು ಹೊಸ ನೋಟ ದೊರೆಯಿತು. ಅಂಚಿನಲ್ಲಿ ಗಾಡಿಗಳ ದಾರಿ, ಒಳಗೆ ಕಾಲುದಾರಿಗಳು, ನಡುವೆ ಆಟಕ್ಕೆ ವಿಶಾಲವಾದ ಹುಲ್ಲುಬಯಲು. ಸ್ಥಳದಲ್ಲಿಯೇ ನಿಂತು ಇದೆಲ್ಲವನ್ನೂ ಮಾಡಿಸಿದವನು ಎಡ್ವರ್ಡ್ ಕೆಂಪ್ ಎಂಬ ಇಪ್ಪತ್ತಾರು ವರ್ಷದ ತರುಣ. ಆ ಉದ್ಯಾನದ ಚಾಕರಿಗೆ ಬಂದವನು 1891ರಲ್ಲಿ ತೀರಿಕೊಳ್ಳುವವರೆಗೂ ಅದರ ನಂಟನ್ನು ಬಿಡಲಿಲ್ಲ. ಪ್ಯಾಕ್ಸ್‌ಟನ್ನನ ಹೆಸರು ಲೋಕಪ್ರಸಿದ್ಧವಾಯಿತು. ಸಸಿಗಳು ಮರಗಳಾಗುವ ತನಕ ಕಾದವನು ಕೆಂಪ್.

1847ನೆಯ ಇಸವಿ ಏಪ್ರಿಲ್ 5ನೆಯ ತಾರೀಖು, ಈಸ್ಟರ್ ಹಬ್ಬದ ಸೋಮವಾರ, ಲಾರ್ಡ್ ಮಾರ್ಪೆತ್ ಎಂಬ ಮಂತ್ರಿಯು ಬಂದು ಊರಿನ ಹೊಸ ಹಡಗುಕಟ್ಟೆಗಳನ್ನೂ ಉದ್ಯಾನವನ್ನೂ ಒಂದೇ ದಿನ ತೆರೆದನು. ಹತ್ತು ಸಾವಿರ ಜನ ಸೇರಿದ್ದರೆಂದು ಹೇಳಿಕೆಯುಂಟು. ಗಂಭೀರವಾದ ಭಾಷಣಗಳ ಜೊತೆಗೆ ಗೋಣಿಚೀಲದಲ್ಲಿ ಕಾಲಿಟ್ಟು ಓಡುವ ಪಂದ್ಯ, ಮುಖವನ್ನು ವಿಕಾರ ಮಾಡಿ ನಗಿಸುವ ಪಂದ್ಯ ಇವೂ ನಡೆದುವು. ನಮ್ಮ ಜಾತ್ರೆಗಳನ್ನು ಕಂಡವರಿಗೆ ಇದೇನೂ ಹೊಸತಲ್ಲ. ಆ ದಿನದ ಜನರಿಗೆ ಹಡಗುಕಟ್ಟೆಯೇ ಮುಖ್ಯ, ಉದ್ಯಾನವು ಅದರ ಅಲಂಕಾರವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಹಡಗುಕಟ್ಟೆಯಿಂದ ಹಣ ಬರುತ್ತದೆ, ಉದ್ಯಾನದಿಂದ ಬರುವುದೇನು?

ಕಾಲವು ಕೊಟ್ಟ ಉತ್ತರ ಬೇರೆಯಾಗಿದ್ದಿತು. ಅದೇ 1847ರಲ್ಲಿ ಇಂಗ್ಲೆಂಡಿನ ಹಣದ ಪೇಟೆಯಲ್ಲಿ ದೊಡ್ಡ ಮುಗ್ಗಟ್ಟು ತಲೆದೋರಿತು. ಹಡಗುಕಟ್ಟೆಗಳ ಕಾಮಗಾರಿ ಸ್ಥಗಿತವಾಯಿತು; ಕೂಲಿಯವರು ಊರನ್ನು ಬಿಟ್ಟು ಹೋದರು. ಉದ್ಯಾನದ ಸುತ್ತಣ ನಿವೇಶನಗಳು ಎಣಿಸಿದಂತೆ ಮಾರಾಟವಾಗಲಿಲ್ಲ. ಕೆಲವು ಮನೆಗಳು ಎದ್ದುವು, ಅನೇಕ ನಿವೇಶನಗಳು ಬಹುಕಾಲ ಬರಿದಾಗಿ ಉಳಿದುವು. ಹಡಗುಕಟ್ಟೆಗಳಂತೂ ಊರಿನ ಕೈತಪ್ಪಿ, 1858ರ ಹೊತ್ತಿಗೆ ಮರ್ಸಿ ನದಿಯ ಎಲ್ಲ ಹಡಗುಕಟ್ಟೆಗಳಿಗೂ ಒಂದೇ ಆದ ಮಂಡಲಿಯ ವಶವಾದುವು. ಇಂಥ ದುರ್ದಿನಗಳಲ್ಲಿ ಸಾಲದಲ್ಲಿ ಮುಳುಗಿದ ಊರಿಗೆ ನೂರಾರು ಎಕರೆಗಳ ಹುಲ್ಲುಬಯಲು ದುಂದಾಗಿ ಕಾಣುವುದು ಸಹಜ. ಆದರೆ ಶಾಸನದ ಎಲ್ಲೆಯೊಳಗಣ ನೆಲವನ್ನು ಮಾರುವುದು ಯಾರ ಕೈಯಲ್ಲಿಯೂ ಇರಲಿಲ್ಲ. ಒಂದೇ ದಿನ ತೆರೆದ ಎರಡು ಕಾರ್ಯಗಳಲ್ಲಿ ಹಣ ತರಬೇಕಾಗಿದ್ದುದು ಕೈಬಿಟ್ಟಿತು. ಹಣ ತಾರದುದು ಊರಿನದಾಗಿಯೇ ಉಳಿಯಿತು.

ಉದ್ಯಾನವು ತೆರೆದ ಮೂರು ವರ್ಷಗಳಿಗೆ, 1850ರ ಬೇಸಗೆಯ ಮೊದಲಲ್ಲಿ, ಅಮೆರಿಕದಿಂದ ಒಬ್ಬ ತರುಣನು ಲಿವರ್‌ಪೂಲಿಗೆ ಬಂದಿಳಿದನು. ಅವನ ಹೆಸರು ಫ್ರೆಡರಿಕ್ ಲಾ ಆಲ್ಮ್‌ಸ್ಟೆಡ್, ವಯಸ್ಸು ಇಪ್ಪತ್ತೆಂಟು. ವೃತ್ತಿಯಿಂದ ಬೇಸಾಯಗಾರ, ನ್ಯೂಯಾರ್ಕಿನ ಬಳಿ ಅವನಿಗೊಂದು ತೋಟವಿದ್ದಿತು. ಇಂಗ್ಲೆಂಡಿನ ಬೇಸಾಯವನ್ನು ಕಾಲ್ನಡಗೆಯಲ್ಲಿ ನೋಡುವುದು ಅವನ ಉದ್ದೇಶ. ನದಿಯನ್ನು ದಾಟಿ ಬರ್ಕನ್‌ಹೆಡ್ಡಿನ ಒಂದು ರೊಟ್ಟಿಯಂಗಡಿಗೆ ಹೋದಾಗ, ಅಂಗಡಿಯವನು ತಮ್ಮ ಊರಿನ ಹೊಸ ಉದ್ಯಾನವನ್ನು ನೋಡದೆ ಹೋಗಕೂಡದೆಂದು ಬಲವಂತಪಡಿಸಿದನಂತೆ. ಆಲ್ಮ್‌ಸ್ಟೆಡ್ ಹೋಗಿ ನೋಡಿದನು. ಕೆಲವೇ ವರ್ಷಗಳ ಹಿಂದೆ ಬರಡು ಜೇಡಿಮಣ್ಣಿನ ಹೊಲವಾಗಿದ್ದುದು ಈ ಸ್ಥಿತಿಗೆ ಬಂದಿತೆಂಬುದು ಬೇಸಾಯಗಾರನಾದ ಅವನಿಗೆ ಬೆರಗನ್ನುಂಟುಮಾಡಿತು. ಅದಕ್ಕಿಂತ ಹೆಚ್ಚಾಗಿ ಅವನ ಮನಸ್ಸನ್ನು ಸೆಳೆದುದು ಮತ್ತೊಂದು ಸಂಗತಿ. ಈ ಉದ್ಯಾನದಲ್ಲಿ ಕಡುಬಡವನಿಗೂ ರಾಣಿಗೂ ಒಂದೇ ಹಕ್ಕು. ಆ ರೊಟ್ಟಿಯಂಗಡಿಯವನು ಅದನ್ನು ಹೊಗಳಿದುದು ಬೇರೊಬ್ಬರ ಸೊತ್ತನ್ನು ಹೊಗಳಿದಂತಲ್ಲ, ತನ್ನ ಮನೆಯನ್ನು ತೋರಿಸುವ ಒಡೆಯನಂತೆ. ಪ್ರಜಾಪ್ರಭುತ್ವದ ದೇಶವೆಂದು ಹೆಮ್ಮೆಪಡುವ ತನ್ನ ಅಮೆರಿಕದಲ್ಲಿ ಇದಕ್ಕೆ ಸಾಟಿಯಾದುದೊಂದೂ ಇಲ್ಲವೆಂದು ಅವನು ಬರೆದನು.

ಏಳು ವರ್ಷಗಳ ತರುವಾಯ ಅದೇ ಆಲ್ಮ್‌ಸ್ಟೆಡ್ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಮೇಲ್ವಿಚಾರಕನಾದನು. 1858ರಲ್ಲಿ ಕ್ಯಾಲ್ವರ್ಟ್ ವಾ ಎಂಬ ವಾಸ್ತುಶಿಲ್ಪಿಯೊಡನೆ ಸೇರಿ ಅವನು ರಚಿಸಿದ ನಕ್ಷೆಗೆ ಬಹುಮಾನ ಬಂದಿತು. ಆದರೆ ಕೊಳ್ಳುವ ಕಾಲದ ವಿಷಯದಲ್ಲಿ ಎರಡು ಊರುಗಳಿಗೂ ಬಹಳ ವ್ಯತ್ಯಾಸವುಂಟು. ಮ್ಯಾನ್‌ಹಟನ್ ದ್ವೀಪಕ್ಕೆಲ್ಲ ಬೀದಿಗಳ ನಕ್ಷೆಯನ್ನು ಹಾಕಿದುದು 1811ರಲ್ಲಿ. ಅಂದು ಹೊಲಗಳೇ ಹೆಚ್ಚಾಗಿದ್ದ ಆ ದ್ವೀಪದಲ್ಲಿ ನಕ್ಷೆ ಬರೆದವರು ಅಡ್ಡಗೆರೆ ಉದ್ದಗೆರೆಗಳನ್ನು ಎಳೆದರೇ ಹೊರತು ವಿಹಾರಕ್ಕೆ ಉಳಿಸಿದುದು ಅತ್ಯಲ್ಪ. ನಲವತ್ತು ವರ್ಷಗಳು ಕಳೆದು, ಜನಸಂಖ್ಯೆ ಐದು ಲಕ್ಷವನ್ನು ದಾಟಿದ ಮೇಲೆ, 1853ರಲ್ಲಿ ಉದ್ಯಾನದ ಶಾಸನವಾಯಿತು. ನೆಲಕ್ಕೆಂದೇ ಸುಮಾರು 50 ಲಕ್ಷ ಡಾಲರು ವೆಚ್ಚವಾಯಿತು. ತಡಮಾಡಿದುದಕ್ಕೆ ತೆತ್ತ ದಂಡವೆಂದು ಇದನ್ನು ಕರೆಯಬಹುದು.

ದಂಡವನ್ನು ತೆತ್ತವರು ಹಣವಂತರಷ್ಟೇ ಅಲ್ಲ. ಆ ನೆಲದಲ್ಲಿ ಸುಮಾರು 1,600 ಮಂದಿ ವಾಸವಾಗಿದ್ದರು. ಅವರಲ್ಲಿ ಸೆನೆಕಾ ವಿಲೇಜ್ ಎಂಬ ಊರಿನ ಇನ್ನೂರು ಚಿಲ್ಲರೆ ಜನರೂ ಸೇರಿದ್ದರು. 1825ರಿಂದ ಅಲ್ಲಿ ಸ್ವತಂತ್ರರಾದ ನೀಗ್ರೋ ಜನಾಂಗದವರು ನೆಲವನ್ನು ಕೊಂಡು, ಮನೆಗಳನ್ನೂ ಇಗರ್ಜಿಗಳನ್ನೂ ಶಾಲೆಯನ್ನೂ ಕಟ್ಟಿಕೊಂಡಿದ್ದರು. ಸ್ವಂತ ನೆಲವಿದ್ದರೆ ಮಾತ್ರ ಅವರಿಗೆ ಮತದಾನದ ಹಕ್ಕು ದೊರೆಯುತ್ತಿದ್ದ ಕಾಲವದು. 1857ರಲ್ಲಿ ಅವರೆಲ್ಲರನ್ನೂ ಎಬ್ಬಿಸಲಾಯಿತು. ನೆಲವಿದ್ದವರಿಗೆ ಪರಿಹಾರವೇನೋ ದೊರೆಯಿತು; ಊರು ಮಾತ್ರ ಮತ್ತೆ ಕೂಡಲಿಲ್ಲ. ಬಹುಕಾಲ ಮರೆತುಹೋಗಿದ್ದ ಈ ಊರನ್ನು ಈಚಿನ ಸಂಶೋಧಕರು ಮತ್ತೆ ಬೆಳಕಿಗೆ ತಂದಿದ್ದಾರೆ; 2011ರಲ್ಲಿ ಅಲ್ಲಿ ಉತ್ಖನನವೂ ನಡೆಯಿತು.

ಇದರಿಂದ ಬರ್ಕನ್‌ಹೆಡ್ಡಿನ ಕಡೆಗೂ ಒಂದು ಪ್ರಶ್ನೆ ಹಿಂದಿರುಗುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ನೆಲದ ಒಡೆಯನೊಬ್ಬ, ಗೇಣಿಗೆ ಉಳುವವನೊಬ್ಬ, ಕೂಲಿಗೆ ದುಡಿಯುವವನು ಮತ್ತೊಬ್ಬ. ಹೊಲವನ್ನು ಕೊಂಡಾಗ ಬೆಲೆ ಸೇರುವುದು ಮೊದಲನೆಯವನಿಗೆ. ಮಿಕ್ಕಿಬ್ಬರು ಬೇರೆ ಅನ್ನವನ್ನು ಹುಡುಕಿಕೊಳ್ಳಬೇಕು. ಮುಂದೆ ಸಾವಿರಾರು ಜನಕ್ಕೆ ಸುಖವಾಗಲೆಂದು ಇಂದು ನಾಲ್ಕು ಮಂದಿಯನ್ನು ಎಬ್ಬಿಸುವಾಗ, ಆ ನಾಲ್ವರ ಲೆಕ್ಕವನ್ನು ಯಾರು ಇಡಬೇಕು? ಊರು ಚಿಕ್ಕದಾಗಿರುವಾಗಲೇ, ನೆಲದ ಮೇಲೆ ಮನೆಗಳು ಏಳುವುದಕ್ಕೆ ಮೊದಲೇ ಕೊಳ್ಳುವುದರಲ್ಲಿ ಹಣದ ಉಳಿತಾಯದೊಡನೆ ಕಣ್ಣೀರಿನ ಉಳಿತಾಯವೂ ಉಂಟು. ಆದರೆ ಉಳಿತಾಯವೆಂದರೆ ಸೊನ್ನೆಯಲ್ಲ. ದೂರದೃಷ್ಟಿಯುಳ್ಳವರು ದೂರದಲ್ಲಿರುವ ಮೊಮ್ಮಗನನ್ನು ಕಾಣುವಾಗ ಹತ್ತಿರದಲ್ಲಿಯೇ ನೇಗಿಲು ಹಿಡಿದು ನಿಂತಿರುವವನನ್ನೂ ಕಾಣುವುದು ಧರ್ಮ.

ಬರ್ಕನ್‌ಹೆಡ್ಡಿನ ಎಣಿಕೆ ಕೊನೆಗೆ ಫಲಿಸಿತೆ? 1860ರಲ್ಲಿ ದೋಣಿಯ ಕಟ್ಟೆಯಿಂದ ಉದ್ಯಾನದ ಬಾಗಿಲವರೆಗೆ ಕುದುರೆ ಎಳೆಯುವ ಟ್ರಾಮುಗಾಡಿ ಓಡತೊಡಗಿತು. ಬ್ರಿಟನ್ನಿನ ಬೀದಿಗಳಲ್ಲಿ ಓಡಿದ ಮೊದಲನೆಯ ಟ್ರಾಮು ಅದೇ. ಊರಂಚಿನ ಹೊಲವಾಗಿದ್ದುದು ಊರಿನ ನಡುವಣ ಸ್ಥಳವಾಯಿತು. 1901ರಲ್ಲಿ ಜನಸಂಖ್ಯೆ ಒಂದು ಲಕ್ಷ ಹತ್ತು ಸಾವಿರಕ್ಕೇರಿತು. 1841ರಲ್ಲಿ ಉದ್ಯಾನದ ಒಂದು ಎಕರೆಗೆ 64 ಜನರ ಲೆಕ್ಕ ಬೀಳುತ್ತಿದ್ದರೆ, ಅರುವತ್ತು ವರ್ಷಗಳಲ್ಲಿ ಅದೇ ಒಂದು ಎಕರೆಗೆ 880 ಜನ ಬಿದ್ದರು. ಜನ ಹದಿಮೂರು ಮಡಿ ಹೆಚ್ಚಿದರೂ ಎಕರೆಯೊಂದೂ ಹೆಚ್ಚಲಿಲ್ಲ, ಹೆಚ್ಚುವಂತೆಯೂ ಇರಲಿಲ್ಲ. 1843ರಲ್ಲಿ ಕೊಂಡುದು ಅತಿಯಾಯಿತೆಂದು ತೋರಿದ್ದ ನೆಲವು 1901ರಲ್ಲಿ ಸಾಕಷ್ಟಕ್ಕೂ ಕಡಮೆಯಾಗಿದ್ದಿತು. 1848ರ ಸಾರ್ವಜನಿಕ ಆರೋಗ್ಯದ ಶಾಸನವು ಇತರ ಊರುಗಳ ಮಂಡಲಿಗಳಿಗೂ ವಿಹಾರಸ್ಥಳಗಳಿಗಾಗಿ ನೆಲ ಕೊಳ್ಳುವ ಅಧಿಕಾರವನ್ನು ಕೊಟ್ಟಿತು. ಬರ್ಕನ್‌ಹೆಡ್ಡಿನ ಉದ್ಯಾನವು ಇಂದಿಗೂ ಇದೆ. 2023ರಲ್ಲಿ ಬ್ರಿಟನ್ ಸರ್ಕಾರವು ಅದನ್ನು ವಿಶ್ವಪರಂಪರೆಯ ಸ್ಥಾನಕ್ಕೆ ಸೂಚಿಸತಕ್ಕವುಗಳ ಪಟ್ಟಿಯಲ್ಲಿ ಸೇರಿಸಿತು. ಹಡಗು ಕಟ್ಟುವ ಉದ್ಯಮವು ಹಿಂದಿನ ವೈಭವವನ್ನು ಕಳೆದುಕೊಂಡ ಆ ಊರಿನಲ್ಲಿ ಪೂರ್ವಿಕರು ಮಾಡಿದ ಸಾಲವು ಇನ್ನೂ ಫಲ ಕೊಡುತ್ತಿದೆ.

ಇದು ದೂರದೇಶದ ಕಥೆ, ನಮಗೇನು ಸಂಬಂಧವೆನ್ನುವವರು ಬೆಂಗಳೂರಿನ ಲಾಲ್‌ಬಾಗಿನಲ್ಲಿರುವ ಗಾಜಿನ ಮನೆಯನ್ನು ನೆನೆಸಿಕೊಳ್ಳಬಹುದು. ಬರ್ಕನ್‌ಹೆಡ್ಡಿನ ಜೌಗನ್ನು ಬಸಿದ ಪ್ಯಾಕ್ಸ್‌ಟನ್ನನೇ 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಅರಮನೆಯನ್ನು ಕಲ್ಪಿಸಿದವನು. 1889ರಲ್ಲಿ ಅಸ್ತಿಭಾರ ಬಿದ್ದ ನಮ್ಮ ಗಾಜಿನ ಮನೆಗೆ ಆ ಅರಮನೆಯೇ ಮಾದರಿ. ಆದರೆ ಕಟ್ಟಡದ ಮಾದರಿಯನ್ನು ತಂದಷ್ಟು ಸುಲಭವಾಗಿ ನೆಲವನ್ನು ಕೊಂಡ ಮಾದರಿಯನ್ನು ತರಲಾಗುವುದಿಲ್ಲ. ಲಾಲ್‌ಬಾಗು ಹೈದರಾಲಿಯ ಕಾಲದಲ್ಲಿ ಅರಸರ ತೋಟವಾಗಿ ಹುಟ್ಟಿತು. ಕಬ್ಬನ್ ಪಾರ್ಕು 1870ರಲ್ಲಿ ಸರ್ಕಾರದ ಏರ್ಪಾಡಿನಿಂದ ಬಂದಿತು. ಇವು ನಮಗೆ ಹಿಂದಿನವರಿಂದ ಬಂದ ಆಸ್ತಿ. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದುದು ಬೇಸಾಯದ ನೀರಿಗಾಗಿ. ಇಂದು ಅದರ ಏರಿಯ ಮೇಲೆ ಬೆಳಗೂ ಸಂಜೆಯೂ ಜನ ನಡೆದಾಡುತ್ತಾರೆ. ಇದೂ ಪುಣ್ಯವಶದಿಂದ ಉಳಿದುದೇ. ಬೆಂಗಳೂರಿನ ಧರ್ಮಾಂಬುಧಿ ಕೆರೆಗೆ ಆ ಪುಣ್ಯವಿರಲಿಲ್ಲ. ಅದರ ಅಂಗಳದಲ್ಲಿ ಬಸ್ಸುಗಳು ನಿಲ್ಲುತ್ತವೆ.

ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ದನಕ್ಕೆ ಗೋಮಾಳ, ದಾರಿಹೋಕರ ನೆರಳಿಗೆ ಗುಂಡುತೋಪು, ಎಲ್ಲರಿಗೂ ಕೆರೆ ಎಂದು ನೆಲವನ್ನು ಬಿಡುವ ಪದ್ಧತಿಯಿದ್ದಿತು. ಎಲ್ಲರಿಗೂ ಸೇರಿದ ನೆಲವೊಂದಿರಬೇಕೆಂಬ ಭಾವನೆಯನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಹಳ್ಳಿಯು ಪಟ್ಟಣದೊಳಕ್ಕೆ ಸೇರಿಹೋಗುವಾಗ ಆ ನೆಲಗಳಿಗೆ ಏನಾಗುವುದೆಂಬುದೇ ಪ್ರಶ್ನೆ. ಗೋಮಾಳವು ಖಾಲಿ ನೆಲವೆಂದು ಕಂಡ ದಿನವೇ ಅದು ನಿವೇಶನವಾಗುವ ದಾರಿ ಹಿಡಿಯುತ್ತದೆ. 1975ರಲ್ಲಿ ಸರ್ಕಾರಿ ಉದ್ಯಾನಗಳ ರಕ್ಷಣೆಗೂ, 1985ರಲ್ಲಿ ಉದ್ಯಾನ, ಆಟದ ಬಯಲು, ತೆರೆದ ಸ್ಥಳಗಳ ರಕ್ಷಣೆಗೂ ನಮ್ಮ ರಾಜ್ಯದಲ್ಲಿ ಶಾಸನಗಳಾಗಿವೆ. ಶಾಸನವು ಇರುವ ನೆಲವನ್ನು ಕಾಯಬಲ್ಲುದು. ಇಲ್ಲದ ನೆಲವನ್ನು ಸೃಷ್ಟಿಸಲಾರದು. ಅದಕ್ಕೆ ಊರು ಮುಂಚಿತವಾಗಿ ಕೊಳ್ಳಬೇಕು.

ಬರ್ಕನ್‌ಹೆಡ್ಡಿನ ಕಮಿಷನರುಗಳು ಮಹಾತ್ಮರಾಗಿರಲಿಲ್ಲ. ಅವರ ಲೆಕ್ಕಾಚಾರಗಳಲ್ಲಿ ಅನೇಕವು ತಪ್ಪಾದುವು. ಆದರೆ ಮೂರು ಕೆಲಸಗಳನ್ನು ಅವರು ಸರಿಯಾಗಿ ಮಾಡಿದರು: ನೆಲವು ಇನ್ನೂ ಹೊಲವಾಗಿರುವಾಗಲೇ ಕೊಂಡರು, ಊರಿನ ಹೆಸರಿನಲ್ಲಿ ಕೊಂಡರು, ತಮ್ಮ ಕಷ್ಟಕಾಲದಲ್ಲಿ ತಾವೇ ಮಾರಲಾಗದಂತೆ ಶಾಸನದ ಬೇಲಿಯನ್ನು ಒಪ್ಪಿಕೊಂಡರು. ಮುಂದಿನ ಸಲ ನಾವು ಊರ ಹೊರಗೆ ಹೋದಾಗ, ರಾಗಿಯ ಪೈರು ತೂಗುವ ಹೊಲದ ಮುಂದೆ ಒಂದು ಗಳಿಗೆ ನಿಂತು, ಇನ್ನು ಐವತ್ತು ವರ್ಷಗಳಿಗೆ ಇಲ್ಲಿ ಎಷ್ಟು ಮಕ್ಕಳು ಆಡಲು ಬಯಲನ್ನು ಹುಡುಕುವರೆಂದು ಎಣಿಸಿ ನೋಡೋಣ. ಆ ಹೊಲವನ್ನು ಉಳುತ್ತಿರುವವನನ್ನೂ ಮಾತನಾಡಿಸಿ, ಅವನಿಗೆ ಸಲ್ಲತಕ್ಕುದೇನೆಂದು ಕೇಳೋಣ. ಎರಡೂ ಲೆಕ್ಕಗಳನ್ನು ಕೂಡಿಸಿ ಬರೆಯುವ ಪುರಸಭೆಯು ನಮ್ಮಲ್ಲಿ ಹುಟ್ಟಿದರೆ, ಆ ದಿನ ಅರ್ಜಿಗಳು ಕಡತವನ್ನು ಸೇರಬೇಕಾಗಿ ಬರುವುದಿಲ್ಲ.